ಎಂಬತ್ತು ಕಿಲೋಮೀಟರ್ ಆಚೆ ಏನಿದೆ?

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನ ಮನೆ. ಆರು ತಿಂಗಳ ಹಿಂದೆ ಹೈದರಾಬಾದಿನಲ್ಲಿ 2012ರ ಬಿಎಂಡಬ್ಲ್ಯು ಝಡ್4 ಕಾರನ್ನು ಸೆಕೆಂಡ್‌ಹ್ಯಾಂಡ್ ಕೊಂಡೆ. ಮುಂದೆ 225/40 ಆರ್18, ಹಿಂದೆ 255/35 ಆರ್18 ಅಳತೆಯ ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟೈರುಗಳಿವೆ, ನಾಲ್ಕೂ ಸವೆದಿವೆ. ಹೊಸ ರನ್‌ಫ್ಲ್ಯಾಟ್‌ಗೆ ಸಾಮಾನ್ಯ ಟೈರಿನ ಒಂದೂವರೆ ಪಟ್ಟು ಬೆಲೆ ಹೇಳುತ್ತಿದ್ದಾರೆ. ತಿಂಗಳಿಗೆ ಎರಡು ಸಲ ಹುಮನಾಬಾದ್ ಮೇಲೆ ಹೈದರಾಬಾದಿಗೆ, ಅಪರೂಪಕ್ಕೆ ಸೊಲ್ಲಾಪುರಕ್ಕೆ ಹೋಗುತ್ತೇನೆ. ಕಾರಿನಲ್ಲಿ ಸ್ಟೆಪ್ನಿ ಇಡಲು ಜಾಗವೇ ಇಲ್ಲ. ‘ಸಾಮಾನ್ಯ ಟೈರ್ ಹಾಕಿಸು, ಕಾರು ಹೂವಿನಂತೆ ಓಡುತ್ತದೆ’ ಎಂದು ಗೆಳೆಯರು ಹೇಳುತ್ತಾರೆ. ‘ರಾತ್ರಿ ದಾರಿಯಲ್ಲಿ ಗಾಳಿ ಹೋದರೆ ಏನು ಗತಿ’ ಎಂದು ಮನೆಯವರು ಕೇಳುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ತೀರ್ಪು ಹೇಳಿ ಆಮೇಲೆ ವಾದಕ್ಕೆ ಬರುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾಲ್ಕೂ ಸಾಮಾನ್ಯ ಟೈರ್ ಹಾಕಿಸುತ್ತಿದ್ದೆ. ಆದರೆ ಒಂದು ಷರತ್ತಿದೆ. ಡಿಕ್ಕಿಯಲ್ಲಿ ಕೆಲವು ಸಾಮಾನು ಕಾಯಂ ಇರಬೇಕು, ಅವನ್ನು ಬಳಸುವುದನ್ನು ಮನೆಯ ಅಂಗಳದಲ್ಲಿ ಒಮ್ಮೆಯಾದರೂ ಕಲಿತಿರಬೇಕು. ಇದು ಆಗದು ಎನ್ನುವವರು ಹೆಚ್ಚು ದುಡ್ಡು ಕೊಟ್ಟು ರನ್‌ಫ್ಲ್ಯಾಟನ್ನೇ ಹಾಕಿಸಿಕೊಳ್ಳುವುದು ಮೇಲು. ಕಾರು ಹೂವಿನಂತೆ ಓಡುತ್ತದೋ ಕಲ್ಲಿನಂತೆ ಓಡುತ್ತದೋ ಎಂಬುದನ್ನು ಆಮೇಲೆ ನೋಡೋಣ. ನಿಮ್ಮ ಮನೆಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಸಾಮಾನ್ಯ ಟೈರಿನಲ್ಲಿ ಕಾರಿನ ಭಾರ ಹೊರುವುದು ಗಾಳಿ. ರಬ್ಬರು, ನೂಲು, ಉಕ್ಕಿನ ತಂತಿ ಎಲ್ಲ ಸೇರಿ ಆ ಗಾಳಿಯನ್ನು ಹಿಡಿದಿಡುವ ಚೀಲ, ಅಷ್ಟೇ. ಗಾಳಿ ಹೋದರೆ ಪಕ್ಕೆಗಳು ಮಡಚಿಕೊಂಡು ರಿಮ್ಮಿನ ಅಂಚು ಟೈರನ್ನು ರಸ್ತೆಗೆ ಒತ್ತಿ ಅರೆಯುತ್ತದೆ; ಒಂದೆರಡು ಕಿಲೋಮೀಟರಿನಲ್ಲಿ ಟೈರ್ ಕಸ. ರನ್‌ಫ್ಲ್ಯಾಟ್‌ನ ಪಕ್ಕೆಯೊಳಗೆ ಬಿಸಿ ತಾಳುವ ಗಟ್ಟಿ ರಬ್ಬರಿನ ಇನ್ನೊಂದು ದಪ್ಪ ಪದರವನ್ನು ಸೇರಿಸಿರುತ್ತಾರೆ. ಗಾಳಿ ಪೂರ್ತಿ ಹೋದರೂ ಆ ಪಕ್ಕೆಗಳೇ ಕಾರನ್ನು ಎತ್ತಿ ಹಿಡಿಯುತ್ತವೆ. ಆದರೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತಾ ಒಳಗೊಳಗೇ ಕಾಯುತ್ತವೆ. ಆ ಕಾವು ರಬ್ಬರಿನ ಬಂಧವನ್ನು ಬಿಡಿಸುವ ತನಕ ಮಾತ್ರ ಆಟ. ಅದಕ್ಕಾಗಿಯೇ ಹೆಚ್ಚಿನ ತಯಾರಕರು ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ 80 ಕಿ.ಮೀ. ದೂರ ಎಂದು ಗೆರೆ ಎಳೆದಿದ್ದಾರೆ. ಭಾರ ಹೆಚ್ಚಿದಷ್ಟೂ ಬಿಸಿಲು ಏರಿದಷ್ಟೂ ಆ 80 ಕರಗುತ್ತದೆ. ಮೇ ತಿಂಗಳ ಮಧ್ಯಾಹ್ನ ಗಾಳಿಯೇ 42 ಡಿಗ್ರಿ ಇರುವ ನಮ್ಮ ಊರಿನಲ್ಲಿ ಅದನ್ನು 50 ಎಂದು ಎಣಿಸಿಕೊಳ್ಳುವುದು ನನ್ನ ಅಭ್ಯಾಸ.

ಈಗ ಆ 80 ಕಿಲೋಮೀಟರನ್ನು ನಿಮ್ಮ ದಾರಿಯ ಮೇಲೆ ಇಟ್ಟು ನೋಡಿ. ಕಲಬುರಗಿಯಿಂದ ಹುಮನಾಬಾದಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿ ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ ಜಹೀರಾಬಾದಿಗೆ ಐವತ್ತಕ್ಕೂ ಹೆಚ್ಚು, ಅಲ್ಲಿಂದ ಹೈದರಾಬಾದಿಗೆ ಇನ್ನೂ ನೂರರ ಮೇಲೆ. ಕೆಂಪು ಬಾಳೆಯ ಕಮಲಾಪುರದ ಹತ್ತಿರ ಗಾಳಿ ಹೋದರೆ ವಾಪಸ್ ಮನೆಗೆ ಬರಬಹುದು. ಹುಮನಾಬಾದ್ ದಾಟಿ ಇಪ್ಪತ್ತು ಕಿಲೋಮೀಟರ್ ಹೋದ ಮೇಲೆ ಮೊಳೆ ಹೊಕ್ಕರೆ? ಹಿಂದೆ ಕಲಬುರಗಿ 80ರ ಆಚೆ, ಮುಂದೆ ಹೈದರಾಬಾದ್ 80ರ ಆಚೆ. ನಡುವೆ ಸಿಗುವ ಊರುಗಳಲ್ಲಿ ಲಾರಿ, ಟ್ರ್ಯಾಕ್ಟರ್, ಬೈಕಿನ ಟೈರು ಬಿಚ್ಚುವವರು ಬೇಕಾದಷ್ಟು ಜನ ಇದ್ದಾರೆ, ಕೈಚಳಕದಲ್ಲಿ ಯಾರಿಗೂ ಕಡಿಮೆಯಿಲ್ಲ. 18 ಅಂಗುಲದ ರನ್‌ಫ್ಲ್ಯಾಟನ್ನು ರಿಮ್ಮಿಗೆ ಗೀರು ಬೀಳದಂತೆ ಬಿಡಿಸುವ ಯಂತ್ರ ಅವರ ಬಳಿ ಇಲ್ಲದಿರುವುದು ಅವರ ತಪ್ಪಲ್ಲ. ಸೇಡಂ ದಾಟಿ ತೆಲಂಗಾಣ ಸೇರುವ ದಾರಿ ಹಿಡಿದರೂ ಲೆಕ್ಕ ಇದಕ್ಕಿಂತ ಹಸನಾಗುವುದಿಲ್ಲ. ಸೊಲ್ಲಾಪುರದ ದಾರಿಯೊಂದು ಪರವಾಗಿಲ್ಲ. ಸುಮಾರು 110 ಕಿಲೋಮೀಟರ್ ಆದ್ದರಿಂದ ಎಲ್ಲಿ ನಿಂತರೂ ಎರಡರಲ್ಲೊಂದು ಊರು ಎಟುಕುತ್ತದೆ.

ರನ್‌ಫ್ಲ್ಯಾಟ್ ಎಂಬುದು ನಿಮ್ಮನ್ನು ಮುಂದಿನ ಟೈರ್ ಅಂಗಡಿಯವರೆಗೆ ಮುಟ್ಟಿಸುವ ಟೈರು. ಮುಂದಿನ ಅಂಗಡಿಯಲ್ಲಿ ನಿಮ್ಮ ಅಳತೆಯ ಮಾಲೂ ಅದನ್ನು ಕೂರಿಸುವ ಯಂತ್ರವೂ ಇರುತ್ತದೆ ಎಂದು ನಂಬಿ ಮಾಡಿದ ಲೆಕ್ಕ ಅದು. ಜರ್ಮನಿಯ ಹೆದ್ದಾರಿಗೆ ಆ ನಂಬಿಕೆ ಸರಿ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ನನ್ನ ಸ್ವಂತ ಕಾರಿನಲ್ಲಿ ರನ್‌ಫ್ಲ್ಯಾಟ್‌ಗಳಿದ್ದವು. ಒಂದು ಸಂಜೆ ಎಚ್ಚರಿಕೆ ದೀಪ ಹೊತ್ತಿತು. ಅರವತ್ತರ ವೇಗದಲ್ಲಿ ಮೂವತ್ತೈದು ಕಿಲೋಮೀಟರ್ ನಿಧಾನವಾಗಿ ಬಂದು ಕಲಬುರಗಿ ಸೇರಿದೆ. ಟೈರು ಕೊಟ್ಟ ಮಾತು ಉಳಿಸಿಕೊಂಡಿತು. ಮರುದಿನ ಒಂದು ಅಂಗಡಿಯಲ್ಲಿ ಹುಡುಗರು ಎರಡು ಉದ್ದನೆಯ ಸರಳು ಹಾಕಿ ಮೀಟಿದರು. ಟೈರಿನ ಅಂಚು ಹರಿಯಿತು, ವಾಲ್ವಿನ ಬುಡದಲ್ಲಿದ್ದ ಒತ್ತಡದ ಸಂವೇದಕ ಮುರಿಯಿತು, ಅಲಾಯ್ ಮೇಲೆ ಬೆರಳುದ್ದದ ಗೀರು ಬಿತ್ತು. ಹೊಸ ಟೈರು ಹೊರಗಿನಿಂದ ಬರಲು ಆರು ದಿನ ಹಿಡಿಯಿತು. ಮುಕ್ಕಾಲು ಅಂಗುಲದ ಒಂದು ಮೊಳೆಗೆ ಇಷ್ಟೆಲ್ಲ. ಸಾಮಾನ್ಯ ಟೈರಾಗಿದ್ದರೆ ದಾರಿಯಲ್ಲೇ ತೂತಿಗೆ ಪಂಕ್ಚರ್ ಹುರಿ (ಅಂಟು ರಬ್ಬರಿನ ಎಳೆ) ತುರುಕಿ, ಗಾಳಿ ತುಂಬಿ, ಮರುದಿನ ಒಳಗಿನಿಂದ ಪಕ್ಕಾ ಪ್ಯಾಚ್ ಹಾಕಿಸಿ ಮುಗಿಸುತ್ತಿದ್ದೆ.

ರನ್‌ಫ್ಲ್ಯಾಟಿಗೂ ಪ್ಯಾಚ್ ಹಾಕಬಹುದಲ್ಲ ಎನ್ನುವಿರಿ. ಗಾಳಿ ಇಳಿಯುವ ಮೊದಲೇ ಗೊತ್ತಾಗಿ, ತೂತು ನೆಲಕ್ಕೆ ತಾಗುವ ಭಾಗದಲ್ಲೇ ಇದ್ದರೆ ಕೆಲವು ತಯಾರಕರು ಒಪ್ಪುತ್ತಾರೆ, ಕೆಲವರು ಒಪ್ಪುವುದೇ ಇಲ್ಲ. ಗಾಳಿಯಿಲ್ಲದೆ ಓಡಿಸಿದ ಮೇಲಂತೂ ಪಕ್ಕೆಯೊಳಗೆ ಎಷ್ಟು ಕೆಟ್ಟಿದೆ ಎಂದು ಹೊರಗಿನಿಂದ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಅಂಥದ್ದನ್ನು ನಾನು ರಿಪೇರಿ ಮಾಡಿಕೊಡುವುದಿಲ್ಲ. ಗಿರಾಕಿಗಳು ಸಿಟ್ಟಾಗಿ ಎದ್ದು ಹೋಗಿದ್ದಾರೆ, ಹೋಗಲಿ.

ಇನ್ನು ಹೂವಿನ ವಿಷಯ. ನಿಮ್ಮ ಮುಂದಿನ ಟೈರಿನ ಪಕ್ಕೆಯ ಎತ್ತರ ಅದರ ಅಗಲವಾದ 225 ಮಿಲಿಮೀಟರಿನಲ್ಲಿ ಶೇಕಡಾ 40, ಅಂದರೆ 90 ಮಿಲಿಮೀಟರ್. ಹಿಂದಿನದು 89. ಒಂದು ಅಂಗೈ ಅಗಲ. ಅಷ್ಟರಲ್ಲೇ ಗುಂಡಿಯ ಪೆಟ್ಟು ತಿನ್ನಬೇಕು. ಆ ಅಂಗೈ ಅಗಲದೊಳಗೆ ಗಟ್ಟಿ ರಬ್ಬರು ತುಂಬಿದರೆ ಪೆಟ್ಟು ನೇರವಾಗಿ ರಿಮ್ಮಿಗೆ, ಅಲ್ಲಿಂದ ನಿಮ್ಮ ಸೊಂಟಕ್ಕೆ ಹೋಗುತ್ತದೆ. ಚಕ್ರದ ತೂಕವೂ ಏರುತ್ತದೆ. ಸ್ಪ್ರಿಂಗಿನ ಕೆಳಗಿರುವ ತೂಕ ಹೆಚ್ಚಿದರೆ ಚಕ್ರ ರಸ್ತೆಯ ಏರಿಳಿತವನ್ನು ಹಿಂಬಾಲಿಸಲಾರದೆ ಎಗರುತ್ತದೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮೇಲೆ ಹಾಸಿದ ಡಾಂಬರು ಅದರ ಜೊತೆಗೇ ಕುಣಿಯುತ್ತದೆ. ನೋಡಲು ನುಣುಪಾದ ರಸ್ತೆಯೂ ಎಂಬತ್ತರ ವೇಗದಲ್ಲಿ ಅಲೆಯಂತೆ ಎತ್ತಿ ಇಳಿಸುವುದು ಅದಕ್ಕೇ. ಇಂಥ ಕಡೆ ಗಟ್ಟಿ ಪಕ್ಕೆಯ ಟೈರು ತಿರುವಿನ ಮಧ್ಯೆ ಹಿಂದಿನ ಚಕ್ರವನ್ನು ಒಂದಿಷ್ಟು ಹಾರಿಸಿ ಪಕ್ಕಕ್ಕೆ ಇಡುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ನಿಮ್ಮ ಕಾರಿನಲ್ಲಿ ಅದು ಕೇವಲ ಆರಾಮದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸಾಮಾನ್ಯ ಟೈರಿನಲ್ಲಿ ಸ್ಟೀರಿಂಗ್ ಮೊದಲ ಕ್ಷಣಕ್ಕೆ ಕೂದಲೆಳೆಯಷ್ಟು ಮೆತ್ತಗೆ ಅನ್ನಿಸಬಹುದು, ವಾರದಲ್ಲಿ ಅದು ಕೈಗೆ ರೂಢಿಯಾಗುತ್ತದೆ.

ಗಟ್ಟಿ ಪಕ್ಕೆಯೇ ಸ್ಪೋರ್ಟ್ಸ್ ಕಾರಿಗೆ ಲಕ್ಷಣ ಎಂದು ಯಾರಾದರೂ ಹೇಳಿದರೆ ತಯಾರಕರೇ ಏನು ಮಾಡುತ್ತಾರೆ ಎಂದು ತೋರಿಸಿ. ಬಿಎಂಡಬ್ಲ್ಯು ತನ್ನ 3 ಸೀರೀಸ್‌ಗೆ ವರ್ಷಗಟ್ಟಲೆ ರನ್‌ಫ್ಲ್ಯಾಟ್ ಹಾಕಿತು, ಅದೇ ಕಾರಿನ ವೇಗದ ಅಣ್ಣ ಎಂ3ಗೆ ಸಾಮಾನ್ಯ ಟೈರನ್ನೇ ಇಟ್ಟುಕೊಂಡಿತು. ಪೋರ್ಷೆ 911ರಲ್ಲಿ ಸೀಲಂಟ್ (ತೂತು ಮುಚ್ಚುವ ಅಂಟು ದ್ರವ) ಬಾಟಲಿ, ಕಂಪ್ರೆಸರ್ ಕೊಡುತ್ತಾರೆ. ಎದುರು ಸಾಕ್ಷಿಯೂ ಇದೆ, ಮುಚ್ಚಿಡುವುದಿಲ್ಲ: 1997ರ ಷೆವ್ರೊಲೆ ಕಾರ್ವೆಟ್ ರನ್‌ಫ್ಲ್ಯಾಟ್ ಹಾಕಿಕೊಂಡೇ ಬಂತು, ಸ್ಟೆಪ್ನಿ ಇರಲಿಲ್ಲ, ನಿಸ್ಸಾನ್ ಜಿಟಿ-ಆರ್ ಕೂಡ ರನ್‌ಫ್ಲ್ಯಾಟ್‌ನದೇ. ಆ ಕಾರುಗಳ ಸಸ್ಪೆನ್ಷನ್ನನ್ನು ಮೊದಲಿನಿಂದ ಅದಕ್ಕೆಂದೇ ಹದ ಮಾಡಿದ್ದಾರೆ. ನಿಮ್ಮ ಝಡ್4 ಕೂಡ ಅದೇ ಟೈರಿನ ಮೇಲೆ ಹುಟ್ಟಿದ್ದು ನಿಜ. ಅದಕ್ಕೆ ಹದ ಮಾಡಿದವರು ಕಮಲಾಪುರದ ರಸ್ತೆ ನೋಡಿರಲಿಲ್ಲ.

ಈಗ ಮನೆಯವರ ಭಯಕ್ಕೆ ಬರೋಣ, ಯಾಕೆಂದರೆ ರನ್‌ಫ್ಲ್ಯಾಟ್ ನಿಜವಾಗಿ ಗೆಲ್ಲುವುದು ಅಲ್ಲೇ. ನೂರರ ವೇಗದಲ್ಲಿ ಟೈರು ಒಮ್ಮೆಲೇ ಗಾಳಿ ಬಿಟ್ಟರೆ ಅದು ರಿಮ್ಮಿನ ಮೇಲೆ ಕೂತೇ ಇರುತ್ತದೆ, ಕಾರು ಕೈಯಲ್ಲೇ ಉಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಸಿಮೆಂಟ್ ಲಾರಿಗಳ ಸಾಲಿನ ಪಕ್ಕ, ಹೆದ್ದಾರಿಯ ಅಂಚಿನಲ್ಲಿ ಮಂಡಿಯೂರಿ ಕೂರುವ ಪ್ರಸಂಗ ಬರುವುದಿಲ್ಲ. ಟೈರಿನ ಪಕ್ಕೆಯೇ ಸೀಳಿದರೆ ಹುರಿಯೂ ಸೀಲಂಟೂ ಉಪಯೋಗಕ್ಕೆ ಬರುವುದಿಲ್ಲ. ಆಗಲೂ ಒಂದಿಷ್ಟು ದೂರ ಸಾಗಿಸುವುದು ರನ್‌ಫ್ಲ್ಯಾಟ್ ಮಾತ್ರ. ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬರೇ ಈ ಕಾರಿನಲ್ಲಿ ರಾತ್ರಿ ಓಡಾಡುವವರಿದ್ದರೆ ನನ್ನ ತೀರ್ಪು ತಿರುಗಿತು ಎಂದೇ ತಿಳಿಯಿರಿ. ಆಗ ರನ್‌ಫ್ಲ್ಯಾಟ್ ಹಾಕಿಸಿ, ಸೊಂಟನೋವನ್ನು ಸಹಿಸಿ.

ನಿಮ್ಮ ಪತ್ರ ನೋಡಿದರೆ ಓಡಿಸುವವರು ನೀವೊಬ್ಬರೇ, ಬಹುಪಾಲು ಹಗಲಿನಲ್ಲೇ ಎಂದು ಊಹಿಸುತ್ತೇನೆ. ನಮ್ಮ ಕಡೆ ಟೈರಿಗೆ ಹೊಕ್ಕುವುದು ಏನು ಎಂದು ಇಷ್ಟು ವರ್ಷ ನೋಡಿದ್ದೇನೆ. ಎತ್ತಿನ ಲಾಳದಿಂದ ಕಳಚಿದ ಮೊಳೆ, ಲಾರಿಯಿಂದ ಉದುರಿದ ಸ್ಕ್ರೂ, ಜಾಲಿ ಮುಳ್ಳು. ಇವೆಲ್ಲ ಟೈರಿನ ತಳಕ್ಕೆ ಚುಚ್ಚಿ ನಿಧಾನವಾಗಿ ಗಾಳಿ ಬಿಡುವಂಥವು, ಹದಿನೈದು ನಿಮಿಷದ ಕೆಲಸ. ಪಕ್ಕೆ ಸೀಳುವುದು ಶಹಾಬಾದ್ ಕಲ್ಲಿನ ಚೂರು. ಚಪ್ಪಡಿ ಸಾಗಿಸುವ ಗಾಡಿಗಳು ಓಡಾಡುವ ಕಡೆ ರಸ್ತೆ ಬಿಟ್ಟು ಅಂಚಿಗೆ ಇಳಿಯಬೇಡಿ. ಸುಗ್ಗಿಯಲ್ಲಿ ರಸ್ತೆಯ ಮೇಲೆ ತೊಗರಿ ರಾಶಿ ಹಾಕಿದಾಗಲೂ ಅಷ್ಟೇ, ಕಟ್ಟಿಗೆಯ ಕೆಳಗೆ ಅಡ್ಡಗಲ್ಲು ಇರುತ್ತದೆ. ನಿಮ್ಮ ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಣ ಕಟ್ಟಿಗೆ ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡರೆ ಟೈರಿನ ಚಿಂತೆಯೇ ಉಳಿಯದು.

ಡಿಕ್ಕಿಯಲ್ಲಿ ಏನಿರಬೇಕು ಎಂಬುದಕ್ಕೆ ಬರುತ್ತೇನೆ. ಸ್ಟೆಪ್ನಿಯನ್ನು ಮರೆತುಬಿಡಿ. ಛಾವಣಿ ಮಡಚಿದರೆ ನಿಮ್ಮ ಡಿಕ್ಕಿಯಲ್ಲಿ ಉಳಿಯುವುದು 180 ಲೀಟರ್ ಜಾಗ. ಜಾಗವಿದ್ದರೂ ಮುಂದಿನ, ಹಿಂದಿನ ಚಕ್ರಗಳ ಅಳತೆ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಹೊಂದದು. ಎರಡು ಸ್ಟೆಪ್ನಿ ಬೇಕಾದೀತು. (ಈ ಪದ ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರ ಸುಮಾರಿಗೆ ಅಲ್ಲಿನ ಕಾರ್ಯಾಗಾರವೊಂದು ಹೆಚ್ಚುವರಿ ಚಕ್ರ ಮಾಡಿ ಮಾರಿತು. ಬ್ರಿಟಿಷರು ಆ ಪದವನ್ನು ಮರೆತರು, ನಾವು ಉಳಿಸಿಕೊಂಡೆವು.) ಕಾನೂನಿನ ಅಡ್ಡಿಯೂ ಇಲ್ಲ: ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್, ಒತ್ತಡ ತೋರಿಸುವ ವ್ಯವಸ್ಥೆ ಇರುವ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂಬ ತಿದ್ದುಪಡಿ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಬೇಕಾದದ್ದು 12 ವೋಲ್ಟಿನ ಒಳ್ಳೆಯ ಕಂಪ್ರೆಸರ್, ಪಂಕ್ಚರ್ ಹುರಿ ಮತ್ತು ಅದನ್ನು ತುರುಕುವ ಸೂಜಿ, ಒಂದು ಸೀಲಂಟ್ ಬಾಟಲಿ, ತಲೆಗೆ ಕಟ್ಟುವ ದೀಪ. ಸೀಲಂಟಿಗೆ ಆಯುಸ್ಸಿದೆ, ಬಾಟಲಿಯ ಮೇಲಿನ ದಿನಾಂಕ ನೋಡಿ. ಬಿಸಿಲಿನಲ್ಲಿ ವರ್ಷಗಟ್ಟಲೆ ಕುದ್ದ ಬಾಟಲಿ ಬೇಡ. ರನ್‌ಫ್ಲ್ಯಾಟ್ ಕಾರುಗಳಿಗೆ ಜಾಕ್, ಪಾನಾ ಕೊಡದಿರುವುದೂ ಉಂಟು. ಇಲ್ಲದಿದ್ದರೆ ಎತ್ತರ ಕಡಿಮೆಯಿರುವ ಜಾಕ್ ಒಂದನ್ನು ಕೊಳ್ಳಿ. ಮೊಳೆ ಕಂಡ ಕೂಡಲೇ ಕೀಳುವ ಚಪಲ ಬಿಡಿ. ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಆ ಮೊಳೆಯೇ ಬಿರಡೆ. ಗಾಳಿ ತುಂಬಿಕೊಂಡು ಇಪ್ಪತ್ತು ಕಿಲೋಮೀಟರಿಗೊಮ್ಮೆ ನೋಡುತ್ತಾ ಬೆಳಕಿರುವ, ಜನರಿರುವ ಕಡೆ ಬನ್ನಿ. ಮೊದಲ ಆಯ್ಕೆ ಹುರಿ, ಸೀಲಂಟ್ ಕೊನೆಯದು. ಅದನ್ನು ಸುರಿದ ಮೇಲೆ ಟೈರಿನೊಳಗೆ ಅಂಟು ರಂಪ, ಆಮೇಲೆ ಬಿಚ್ಚುವವನಿಗೆ ಮೊದಲೇ ಹೇಳದಿದ್ದರೆ ಬೈಗುಳ ಖಚಿತ. ಹುರಿ ಹಾಕಿದರೂ ಮರುದಿನ ಟೈರು ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ. ಏನೂ ನಡೆಯದಿದ್ದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿ. ಕಾರನ್ನು ಎಳೆಸಿಕೊಳ್ಳಬೇಡಿ, ಲಾರಿಯ ಮೇಲೆ ಪೂರ್ತಿ ಹೇರಿಸಿ.

ಗಾಳಿಯ ಒತ್ತಡದ ವಿಷಯದಲ್ಲಿ ನಮ್ಮ ಊರಿನಲ್ಲಿ ಒಂದು ಹಟಮಾರಿ ನಂಬಿಕೆಯಿದೆ: ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಟೈರು ಸಿಡಿಯುತ್ತದೆ ಎಂದು. ಇದು ಉಲ್ಟಾ. ಗಾಳಿ ಕಡಿಮೆಯಾದರೆ ಪಕ್ಕೆ ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ, ಸಿಡಿಯುವುದು ಆಗ. ಐದಾರು ಡಿಗ್ರಿ ಕಾವು ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಓಡಿಸಿ ಬಂದ ಟೈರಿನಲ್ಲಿ ಐದಾರು ಪಿಎಸ್‌ಐ ಹೆಚ್ಚು ಕಂಡರೆ ಅದು ಸಹಜ, ತಯಾರಕರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಬೆಳಿಗ್ಗೆ ಕಾರು ತೆಗೆಯುವ ಮೊದಲು ಅಳೆಯಿರಿ, ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲಿರುವ ಅಂಕಿಯನ್ನೇ ಇಡಿ. ನೈಟ್ರೋಜನ್ ಬೇಕೇ ಎಂದು ಮುಂದಿನ ಪತ್ರ ಬರುವ ಮೊದಲೇ ಹೇಳುತ್ತೇನೆ: ಮಾಮೂಲಿ ಗಾಳಿಯಲ್ಲೇ ಅದು ಶೇಕಡಾ 78ರಷ್ಟಿದೆ.

ಒತ್ತಡ ತೋರಿಸುವ ದೀಪವನ್ನು ನಂಬಿ, ಪೂರ್ತಿ ನಂಬಬೇಡಿ. ಕೆಲವು ಕಾರುಗಳಲ್ಲಿ ಚಕ್ರದೊಳಗೇ ಸಂವೇದಕ ಇರುತ್ತದೆ. ಇನ್ನು ಕೆಲವು ಕಾರುಗಳು ಬ್ರೇಕಿನ ಎಬಿಎಸ್‌ನ ಮೂಲಕ ಚಕ್ರದ ಸುತ್ತನ್ನು ಎಣಿಸುತ್ತವೆ. ಗಾಳಿ ಇಳಿದ ಚಕ್ರ ಕಿರಿದಾಗಿ ಬೇಗ ಸುತ್ತುತ್ತದೆ ಎಂಬುದೇ ಅದರ ಜಾಣತನ. ನಾಲ್ಕೂ ಟೈರು ಒಟ್ಟಿಗೆ ನಿಧಾನವಾಗಿ ಇಳಿದರೆ ಅದು ಮೋಸಹೋಗುತ್ತದೆ. ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ಟೈರು ಬಿಚ್ಚಿಸುವ ಮೊದಲೇ ತಿಳಿದುಕೊಂಡು ಅಂಗಡಿಯವರಿಗೆ ಹೇಳಿ, ನನ್ನ ಸಂವೇದಕಕ್ಕೆ ಆದ ಗತಿ ನಿಮ್ಮದಕ್ಕೆ ಆಗದಿರಲಿ.

ಕೊಳ್ಳುವಾಗ ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿ ಇರಲಿ. ಎರಡು ರನ್‌ಫ್ಲ್ಯಾಟ್, ಎರಡು ಸಾಮಾನ್ಯ ಎಂಬ ಅರ್ಧ ಉಳಿತಾಯ ಖಂಡಿತ ಬೇಡ, ಮುಂದೊಂದು ಹಿಂದೊಂದು ಬುದ್ಧಿಯ ಕಾರು ತಿರುವಿನಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಪಕ್ಕೆಯ ಮೇಲಿನ ಆರ್‌ಎಫ್‌ಟಿ ಎಂದರೆ ಬ್ರಿಡ್ಜ್‌ಸ್ಟೋನ್, ಝಡ್‌ಪಿ ಎಂದರೆ ಮಿಶೆಲಿನ್, ಎಸ್‌ಎಸ್‌ಆರ್ ಎಂದರೆ ಕಾಂಟಿನೆಂಟಲ್ ರನ್‌ಫ್ಲ್ಯಾಟ್. ಸಾಮಾನ್ಯ ಟೈರಿನ ಹೆಸರಿನಲ್ಲಿ ಇವನ್ನು ದಾಟಿಸದಂತೆ ನೋಡಿಕೊಳ್ಳಿ. ಭಾರದ ಸಂಖ್ಯೆ ಹಳೆಯ ಟೈರಿನಲ್ಲಿ ಇದ್ದದ್ದಕ್ಕಿಂತ ಕಡಿಮೆ ಬೇಡ: 88 ಎಂದರೆ ಒಂದು ಟೈರು 560 ಕಿಲೋ ಹೊರುತ್ತದೆ, 90 ಎಂದರೆ 600 ಕಿಲೋ. ವೇಗದ ಅಕ್ಷರ ಡಬ್ಲ್ಯು ಇದ್ದರೆ ಸಾಕು, ಅದು ಗಂಟೆಗೆ 270 ಕಿ.ಮೀ.ವರೆಗೆ. ಅದಕ್ಕಿಂತ ಜೋರಾಗಿ ಹೋಗುವ ಆಸೆಯಿದ್ದರೆ ನನಗೆ ಬರೆಯಬೇಡಿ. ಕೊನೆಯಲ್ಲಿ ನಾಲ್ಕು ಅಂಕಿಗಳ ತಯಾರಿಕೆಯ ದಿನಾಂಕ ಹುಡುಕಿ. 2324 ಎಂದಿದ್ದರೆ 2024ರ 23ನೆಯ ವಾರ. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಇಂಥ ಅಪರೂಪದ ಅಳತೆಯಲ್ಲಿ ಗೋದಾಮಿನಲ್ಲಿ ಕೂತು ಹಳತಾದ ಮಾಲು ಸಿಗುವ ಸಂಭವ ಇದ್ದೇ ಇದೆ. ಹಳೆಯ ರಿಮ್ ಬದಲಿಸಬೇಕಾಗಿಲ್ಲ. ರನ್‌ಫ್ಲ್ಯಾಟ್ ರಿಮ್ಮಿನ ಒಳಗಿನ ಉಬ್ಬು ಸಾಮಾನ್ಯ ಟೈರಿಗೆ ಅಡ್ಡಿಯಲ್ಲ.

ಇನ್ನೂ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ 17 ಅಂಗುಲದ ರಿಮ್ ಯೋಚಿಸಿ. ಮುಂದೆ 225/45 ಆರ್17 ಹಾಕಿದರೆ ಚಕ್ರದ ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿದು ಪಕ್ಕೆ 101 ಮಿಲಿಮೀಟರ್ ಆಗುತ್ತದೆ. ಬ್ರೇಕಿಗೆ ತಗುಲದೆ ಕೂರುತ್ತದೆಯೇ ಎಂದು ಮೊದಲು ಅಳೆಸಿ. ಸಾಮಾನ್ಯ ಟೈರು ಪವಾಡವಲ್ಲ, 35ರ ಪಕ್ಕೆ ಗುಂಡಿಗೆ ಬಿದ್ದರೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕು ಬುಗುಟು ಬರುತ್ತದೆ. ಆ 11 ಮಿಲಿಮೀಟರ್ ಎರೆ ಭೂಮಿಯಲ್ಲಿ ದೊಡ್ಡ ಆಸ್ತಿ.

ಈ ಕೆಲಸವನ್ನು ಹೈದರಾಬಾದಿಗೆ ಹೋದ ದಿನವೇ ಮಾಡಿಸಿ, ಯಂತ್ರದ ಪಕ್ಕದಲ್ಲಿ ನಿಂತುಕೊಂಡು. ಒತ್ತಡ ಸರಿ ಮಾಡಿ ವ್ಯವಸ್ಥೆಯನ್ನು ರೀಸೆಟ್ ಮಾಡಿಸಿ. ಚಕ್ರದ ಬೋಲ್ಟುಗಳನ್ನು 120 ನ್ಯೂಟನ್ ಮೀಟರಿಗೆ ಟಾರ್ಕ್ ಪಾನಾದಲ್ಲಿ ಬಿಗಿಸಲಿ, ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ. ಇದಕ್ಕೆಲ್ಲ ಮೊದಲು ಒಂದು ಕೆಲಸವಿದೆ. ಪ್ರತಿ ಚಕ್ರದಲ್ಲೂ ಕಳ್ಳರಿಗೆಂದು ಒಂದು ಬೀಗದ ಬೋಲ್ಟ್ ಇರಬಹುದು. ಅದನ್ನು ಬಿಚ್ಚಲು ಹೆಬ್ಬೆರಳಿನಷ್ಟು ದೊಡ್ಡ ಬೇರೆಯೇ ಒಂದು ಕೀಲಿ ಬೇಕು. ಸೆಕೆಂಡ್‌ಹ್ಯಾಂಡ್ ಕಾರುಗಳಲ್ಲಿ ಅದು ಹಳೆಯ ಮಾಲೀಕರ ಮನೆಯ ಡ್ರಾಯರಿನಲ್ಲೇ ಉಳಿದಿರುವುದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಇವತ್ತೇ ಡಿಕ್ಕಿಯಲ್ಲಿ ಹುಡುಕಿ, ಸಿಗದಿದ್ದರೆ ಕಾರು ಮಾರಿದವರಿಗೆ ಫೋನ್ ಮಾಡಿ.